ಅನುಭವ ಬೇಕು ಅಂತೀರಿ, ಕೊಡೋರು ಯಾರು ಸ್ವಾಮಿ?

ಬೆಳಿಗ್ಗೆ ಜಗಳೂರು ಕಡೆಯಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಒಂದು ದಿನ ಸುಮ್ಮನೆ ಸುತ್ತ ಕಣ್ಣಾಡಿಸಿ ನೋಡಿ. ಆಸ್ಪತ್ರೆಗೆ ಹೊರಟವರು, ಕೋರ್ಟಿಗೆ ಹೊರಟವರು, ಕಾಲೇಜು ಮಕ್ಕಳು, ಸಂತೆ ಚೀಲದವರು. ಇವರೆಲ್ಲರ ನಡುವೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದೆಗೆ ಒಂದು ಪ್ಲಾಸ್ಟಿಕ್ ಫೈಲು ಅವುಚಿಕೊಂಡು ನಿಂತ ಹುಡುಗ ಒಬ್ಬನಾದರೂ ಇದ್ದೇ ಇರುತ್ತಾನೆ. ಸೀಟು ಖಾಲಿಯಾದರೂ ಕೂರೋದಿಲ್ಲ, ಅಂಗಿಯ ಇಸ್ತ್ರಿ ಮುದುಡೀತು ಅಂತ. ಆ ಫೈಲಿನೊಳಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಡಿಗ್ರಿ ಸರ್ಟಿಫಿಕೇಟು, ಜಾತಿ ಆದಾಯ ಪತ್ರ, ಆಧಾರಿನ ಜೆರಾಕ್ಸು, ನಾಲ್ಕು ಪಾಸ್‌ಪೋರ್ಟ್ ಸೈಜಿನ ಫೋಟೋ. ಇಪ್ಪತ್ತೆರಡು ವರ್ಷದ ಬದುಕು ಪೂರಾ ಅದರಲ್ಲೇ ಇದೆ.

ಮೊನ್ನೆ ಅಂಥ ಒಬ್ಬ ಹುಡುಗನ ಹಿಂದೆ ಈ ವರದಿಗಾರನೂ ಬಸ್ಸಿಳಿದ. ಕೆಲಸವಿಲ್ಲದ ವರದಿಗಾರ ಅಂತ ನೀವು ನಗಬಹುದು, ನಗಿ. ಹುಡುಗ ಬಿ.ಕಾಂ. ಪಾಸು. ಮಂಡಿಪೇಟೆ, ಚೌಕಿಪೇಟೆ, ಅಶೋಕ ರಸ್ತೆ ಅಂತ ಮಧ್ಯಾಹ್ನದೊಳಗೆ ಏಳು ಅಂಗಡಿಯ ಮೆಟ್ಟಿಲು ಹತ್ತಿ ಇಳಿದ. ಎರಡು ಕಡೆ ಹೊರಗೇ ಬೋರ್ಡು ತೂಗಿತ್ತು: ‘ಲೆಕ್ಕ ಬರೆಯಲು ಹುಡುಗರು ಬೇಕಾಗಿದ್ದಾರೆ. ಅನುಭವ ಉಳ್ಳವರು ಮಾತ್ರ.’ ಬೋರ್ಡು ಇಲ್ಲದ ಕಡೆಯೂ ಮಾತು ಒಂದೇ.

“ಏನಪಾ, ಅನುಭವ ಐತೇನು?”

“ಇಲ್ರೀ ಸಾವ್ಕಾರ್ರೆ, ಕಲೀತೀನಿ.”

“ಕಲ್ತು ಬಾ. ಆಮ್ಯಾಲೆ ನೋಡೋಣ.”

ಎಲ್ಲಿ ಕಲಿತು ಬರಬೇಕು ಅಂತ ಯಾರೂ ಹೇಳಲಿಲ್ಲ. ಎಂಟನೆಯ ಅಂಗಡಿಗೆ ಹೋಗದೆ ಅವನು ಬಸ್ ಸ್ಟ್ಯಾಂಡಿಗೆ ವಾಪಸು ಬಂದು ಮಂಡಕ್ಕಿ ಕಟ್ಟಿಸಿಕೊಂಡು ಕೂತ. ನಾನು ಪಕ್ಕದಲ್ಲಿ ಕೂತು ಮಾತಿಗೆಳೆದೆ. “ಅಣ್ಣಾ, ಈಜು ಬಂದ್ಮೇಲೆ ಬಾವಿಗೆ ಇಳಿ ಅಂತಾರೆ. ಇಳೀದೆ ಈಜು ಹೆಂಗ್ ಬರ್ತದೆ?” ಅಂದ.

ಓದುಗರೇ, ಈ ವಾರದ ಅಂಕಣ ಆ ಒಂದು ಪ್ರಶ್ನೆಯ ಮೇಲೆ. ಹೊಸಬ ಸ್ಪರ್ಧೆ ಮಾಡಬೇಕು, ಪೈಪೋಟಿಗೆ ನಿಲ್ಲಬೇಕು ಅಂತ ವೇದಿಕೆ ಹತ್ತಿದವರೆಲ್ಲ ಭಾಷಣ ಮಾಡುತ್ತಾರೆ. ಒಪ್ಪಿದೆ. ಆದರೆ ಪೈಪೋಟಿಗೆ ನಿಲ್ಲುವ ಮೊದಲು ನಿಲ್ಲೋದಕ್ಕೆ ಒಂದಡಿ ಜಾಗ ಬೇಕಲ್ಲ? ಕಸುಬಿನ ಮೊದಲನೇ ವರ್ಷ ಅನ್ನೋದು ಆ ಜಾಗ. ಅದನ್ನು ಹುಡುಗ ತನ್ನ ಮನೆಯಿಂದ ತರಲಾರ. ಊರು ಕೊಡಬೇಕು. ಕೊಟ್ಟ ಮೇಲೆ ಅದನ್ನು ಉಳಿಸಿಕೊಳ್ಳೋದು ಅವನ ಪಾಲಿನ ಕೆಲಸ.

ಅಂಗಡಿಯವರ ದೂರೂ ಸುಳ್ಳಲ್ಲ

ಅಂಗಡಿಯವರನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ಸುಲಭ. ಅವರ ಮಾತನ್ನೂ ಕೇಳಬೇಕು. ಚೌಕಿಪೇಟೆಯ ಹಿರಿಯ ವ್ಯಾಪಾರಿಯೊಬ್ಬರು ಗಲ್ಲಾ ಪೆಟ್ಟಿಗೆ ಮೇಲೆ ಕೈಯಿಟ್ಟು ಹೇಳಿದರು: “ಮೂವರಿಗೆ ಕಲಿಸಿದೆ ಕಣ್ರೀ. ಒಬ್ಬ ಎದುರಂಗಡಿಗೆ ಹೋದ, ಇನ್ನೂರು ರೂಪಾಯಿ ಜಾಸ್ತಿ ಕೊಟ್ರು ಅಂತ. ಇನ್ನೊಬ್ಬ ಬೆಂಗಳೂರಿಗೆ ಹೋದ. ಮೂರನೇಯವನು ಹೇಳದೆ ಕೇಳದೆ ಹಬ್ಬದ ಮುನ್ನಾ ದಿನ ಮೊಬೈಲ್ ಆಫ್ ಮಾಡ್ಕಂಡು ಕೂತ. ನಾನೇನು ಧರ್ಮಛತ್ರ ಇಟ್ಟಿದೀನಾ?”

ನ್ಯಾಯವಾದ ಸಿಟ್ಟು. ಹಬ್ಬದ ಮುನ್ನಾ ದಿನ ಕೈ ಕೊಡುವವನು ಯಾವ ಕಸುಬಿನಲ್ಲೂ ಉದ್ಧಾರ ಆಗುವುದಿಲ್ಲ, ಅದನ್ನು ಮುಂದೆ ಹೇಳುತ್ತೇನೆ. ಆದರೆ ನಾನು ಆ ಹಿರಿಯರಿಗೆ ಇನ್ನೊಂದು ಪ್ರಶ್ನೆ ಕೇಳಿದೆ. “ಯಜಮಾನರೇ, ಆ ಹುಡುಗರಿಗೆ ತಿಂಗಳಿಗೆ ಎಷ್ಟು ಕೊಡ್ತಿದ್ರಿ? ಯಾವ ಕೆಲಸ ಕೊಡ್ತಿದ್ರಿ?” ಅವರು ಪ್ರಾಮಾಣಿಕರು, ಮುಚ್ಚಿಡಲಿಲ್ಲ. ಮೊದಲ ಮೂರು ತಿಂಗಳು ಬರೀ ಬಸ್ ಚಾರ್ಜು. ಕೆಲಸ ಅಂದರೆ ಬಾಗಿಲಿಗೆ ನೀರು ಹಾಕೋದು, ಟೀ ತರೋದು, ಬ್ಯಾಂಕಿಗೆ ಚೆಕ್ಕು ಒಯ್ಯೋದು, ಯಜಮಾನರ ಮೊಮ್ಮಗಳನ್ನು ಸ್ಕೂಲಿನಿಂದ ಕರಕೊಂಡು ಬರೋದು. ಖಿರ್ದಿ ಪುಸ್ತಕ ಮುಟ್ಟಿಸಿದ್ದು ನಾಲ್ಕನೇ ತಿಂಗಳಲ್ಲಿ.

ಇದಕ್ಕೆ ಕಲಿಸಿದ್ದು ಅನ್ನಬೇಕೋ, ಪುಕ್ಕಟೆ ಆಳು ಇಟ್ಟುಕೊಂಡದ್ದು ಅನ್ನಬೇಕೋ? ಹೋದವನು ಇನ್ನೂರು ರೂಪಾಯಿಗೆ ಹೋದನೋ, ಖಿರ್ದಿ ಪುಸ್ತಕಕ್ಕೆ ಹೋದನೋ? ಹಿರಿಯರು ಒಂದು ಗಳಿಗೆ ಸುಮ್ಮನಿದ್ದು, “ಟೀ ಕುಡೀರಿ” ಅಂದರು. ಟೀ ತಂದದ್ದು ಐದನೆಯ ಹುಡುಗ.

ನನ್ನ ತಪ್ಪಿನ ಲೆಕ್ಕ

ಊರ ಮಂದಿಯ ಮಾತಾಡುವಾಗ ನನ್ನದೂ ಹೇಳದೆ ಹೋದರೆ ಸರಿಯಲ್ಲ. ಈ ವರದಿಗಾರ ದ್ವಿತೀಯ ಪಿಯುಸಿ ಅರ್ಧಕ್ಕೆ ಬಿಟ್ಟವನು. ಮನೆಯ ಸ್ಥಿತಿ ಅಷ್ಟೇ ಕಾರಣ ಅಂದರೆ ಸುಳ್ಳಾಗುತ್ತದೆ, ಗಣಿತವೂ ಕಾರಣ. ಅಜ್ಜ ಈ ಊರಿನ ಹತ್ತಿ ಗಿರಣಿಯಲ್ಲಿ ಬದಲಿ ಆಳಾಗಿ ಸೇರಿದವರು. ಬೆಳಗಿನ ಸೈರನ್ನಿಗೆ ಗೇಟಿನ ಮುಂದೆ ನಿಲ್ಲಬೇಕು, ಕಾಯಂ ಆಳು ಯಾರಾದರೂ ಬರದಿದ್ದರೆ ಆ ದಿನ ಕೂಲಿ, ಬಂದರೆ ಮನೆಗೆ. ಹಾಗೆ ನಿಂತು ನಿಂತೇ ಅವರು ನೂಲಿನ ಯಂತ್ರ ಕಲಿತರು. ನನ್ನ ಕಾಲಕ್ಕೆ ಸೈರನ್ನೂ ಇಲ್ಲ, ಗಿರಣಿಯೂ ಇಲ್ಲ.

ನಾನು ಸೇರಿದ್ದು ಒಂದು ಮುದ್ರಣಾಲಯಕ್ಕೆ. ಲಗ್ನಪತ್ರಿಕೆ ಮಡಚುವುದು, ಬಿಲ್ ಪುಸ್ತಕಕ್ಕೆ ನಂಬರು ಹಾಕುವುದು, ಗೋಂದು ಹಚ್ಚುವುದು. ಆರು ತಿಂಗಳು ಸಂಬಳ ಇಲ್ಲ. “ಕೆಲಸ ಕಲೀತಿದೀಯಲ್ಲ, ಅದೇ ಸಂಬಳ” ಅಂತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಬುತ್ತಿ ಬಿಚ್ಚಿದರೆ ನಾನು ನೀರು ಕುಡಿದು ಹೊರಗೆ ನಿಲ್ಲುತ್ತಿದ್ದೆ. ಆ ಆರು ತಿಂಗಳಲ್ಲಿ ಕಲಿತದ್ದು ಬೇರೆಯವರ ಬರಹದಲ್ಲಿನ ತಪ್ಪು ಹಿಡಿಯೋದು. ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರಿನ ಒಂದು ಕೊಂಬು ಬಿಟ್ಟುಹೋದರೆ ಬೀಗರ ಮನೆಯಲ್ಲಿ ಏನೇನಾಗುತ್ತದೆ ಅಂತ ಕಣ್ಣಾರೆ ಕಂಡೆ. ಕಲಿತೆ ನಿಜ. ಆದರೆ ಹಸಿದು ಕಲಿತೆ. ಹಸಿವಿಗೂ ಕಲಿಕೆಗೂ ಏನೂ ಸಂಬಂಧವಿಲ್ಲ ಸ್ವಾಮಿ. ಬುತ್ತಿ ಇದ್ದಿದ್ದರೆ ಇನ್ನೂ ಬೇಗ ಕಲಿಯುತ್ತಿದ್ದೆ.

ಆಮೇಲೆ ಪತ್ರಿಕೆಗೆ ಬಂದೆ. ಬಂದ ಎರಡನೇ ತಿಂಗಳಲ್ಲೇ ದೊಡ್ಡ ಎಡವಟ್ಟು. ಎಪಿಎಂಸಿಯಿಂದ ಮೆಕ್ಕೆಜೋಳದ ಧಾರಣೆ ತಂದು ಬರೆಯುವ ಕೆಲಸ. ಕ್ವಿಂಟಲಿಗೆ 870 ಇದ್ದದ್ದನ್ನು 780 ಅಂತ ಬರೆದೆ. ಎಂಟು ಏಳು ಅದಲು ಬದಲು, ಅಷ್ಟೇ. ಮೂರು ದಿನದ ಮೇಲೆ ಒಬ್ಬ ರೈತ, ತಲೆಗೆ ಟವಲು ಸುತ್ತಿಕೊಂಡವನು, ಆ ಪೇಪರನ್ನೇ ಮಡಚಿಕೊಂಡು ಆಫೀಸಿಗೆ ಬಂದ. “ತಮ್ಮಾ, ನಿಮ್ಮ ಪೇಪರ್ ನೋಡಿ ಪ್ಯಾಟೀಗೆ ತಂದ್ರೆ ನಷ್ಟ ಅಂತ ಊರಿಗೇ ಬಂದ ವ್ಯಾಪಾರಿಗೆ ಎಂಟ್ನೂರಕ್ಕೆ ಕೊಟ್ಟೆ. ನಲವತ್ತು ಕ್ವಿಂಟಲ್ ಇತ್ತು” ಅಂದ. ಲೆಕ್ಕ ಹಾಕಿ ನೋಡಿ. ಕ್ವಿಂಟಲಿಗೆ 70 ರೂಪಾಯಿ, 40 ಕ್ವಿಂಟಲಿಗೆ 2,800 ರೂಪಾಯಿ. ನನ್ನ ಆಗಿನ ತಿಂಗಳ ಸಂಬಳಕ್ಕಿಂತ ಜಾಸ್ತಿ.

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಸಂಪಾದಕರು ಮಾರನೇ ದಿನದ ಪತ್ರಿಕೆಯಲ್ಲಿ ತಪ್ಪೊಪ್ಪಿಗೆ ಹಾಕಿಸಿದರು. ನನ್ನನ್ನು ಕರೆದು, “ನಾಳೆಯಿಂದ ಒಂದು ವಾರ ಮಂಡಿಯಲ್ಲಿ ಕೂತ್ಕೋ. ಒಂದು ಅಕ್ಷರ ಬರೀಬೇಡ. ಬರೀ ನೋಡು” ಅಂದರು. ಹೋಗಿ ಕೂತೆ. ರಾಶಿ ಹೇಗೆ ಸುರಿಯುತ್ತಾರೆ, ದಲ್ಲಾಲರ ಅಂಗಡಿ ಮುಂದೆ ಖರೀದಿದಾರ ಕೈತುಂಬ ಕಾಳು ಎತ್ತಿ ತೇವ ಹೇಗೆ ನೋಡುತ್ತಾನೆ, ಟೆಂಡರ್ ಚೀಟಿ ಹೇಗೆ ಹಾಕುತ್ತಾರೆ, ಹಮಾಲರು ತೂಕದಲ್ಲಿ ಏನೇನು ಗಮನಿಸುತ್ತಾರೆ, ಎಲ್ಲ ನೋಡಿದೆ. ಆ ವಾರ ಮುಗಿದ ಮೇಲೆ 870 ಅನ್ನೋದು ನನಗೆ ಅಂಕಿಯಾಗಿ ಕಾಣಲಿಲ್ಲ. ಒಬ್ಬನ ಮನೆಯ ಮುಂದಿನ ಆರು ತಿಂಗಳಾಗಿ ಕಂಡಿತು.

ಇವತ್ತು ನನ್ನ ಹೊಟ್ಟೆ ತುಂಬಿಸುತ್ತಿರುವುದು ಆ ಒಂದು ವಾರ. ಸಂಪಾದಕರು ಆ ದಿನ ನನ್ನನ್ನು ಮನೆಗೆ ಕಳಿಸಿದ್ದರೆ ತಪ್ಪೇನೂ ಇರಲಿಲ್ಲ. ಕಳಿಸಲಿಲ್ಲ. ತಪ್ಪು ಮಾಡಿದವನಿಗೆ ಒಂದು ವಾರದ ಸಂಬಳ ಕೊಟ್ಟು ನೋಡಲು ಕೂರಿಸಿದರು. ಅನುಭವ ಕೊಡೋದು ಅಂದರೆ ಇದು.

ದೊಡ್ಡವರ ಎದುರು ಚಿಕ್ಕವನು ಗೆಲ್ಲೋದು ಹೇಗೆ?

ಹೊಸಬನಿಗೆ ಇರುವ ಮೊದಲ ಹೆದರಿಕೆ, ನನಗಿಂತ ದೊಡ್ಡವರು, ಓದಿದವರು, ಇಂಗ್ಲಿಷು ಮಾತಾಡುವವರು ಆಗಲೇ ಜಾಗ ಹಿಡಿದು ಕೂತಿದ್ದಾರಲ್ಲ ಅಂತ. ಇದಕ್ಕೆ ಉತ್ತರ ಅಂಗಡಿಯವರ ಮುಂದೆ ದಿನಾ ಸಂಜೆ ಬಂದು ನಿಲ್ಲುತ್ತದೆ. ಪಿಗ್ಮಿ ಕಲೆಕ್ಷನ್ನಿನವನು!

ಉಡುಪಿಯಲ್ಲಿ 1925ರಲ್ಲಿ ಮೂವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಕಟ್ಟಿದರು. ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾ. ಟಿ.ಎಂ.ಎ. ಪೈ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕು ಆಯಿತು. ದೊಡ್ಡ ಬ್ಯಾಂಕುಗಳ ಮುಂದೆ ಎಂಟು ಸಾವಿರ ಎಷ್ಟರ ಮಾತು? ಅವರು ದೊಡ್ಡವರ ಜೊತೆ ದೊಡ್ಡತನದಲ್ಲಿ ಸ್ಪರ್ಧೆ ಮಾಡಲಿಲ್ಲ. ದೊಡ್ಡವರು ಹೋಗದ ಕಡೆಗೆ ಹೋದರು. 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ದುಡ್ಡು ಕೂಡಿಸಿದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಬಾಗಿಲಿಗೆ ಬ್ಯಾಂಕೇ ಬಂತು. ಆ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪಿಗ್ಮಿ ಅನ್ನುವ ಹೆಸರು ಮಾತ್ರ ಊರೂರಿನ ಸೊಸೈಟಿಗಳಲ್ಲಿ ಇವತ್ತಿಗೂ ಓಡಾಡುತ್ತಿದೆ.

ಪಿಗ್ಮಿಯವನ ಬಂಡವಾಳ ಯಾವುದು? ಡಿಗ್ರಿಯಲ್ಲ, ಇಂಗ್ಲಿಷಲ್ಲ. ದಿನಾ ಅದೇ ಹೊತ್ತಿಗೆ, ಅದೇ ಬಾಗಿಲಿಗೆ, ಮಳೆ ಬಂದರೂ ಬರುವುದು. ಇಸಕೊಂಡ ಐವತ್ತು ರೂಪಾಯಿಯನ್ನು ಐವತ್ತು ಅಂತಲೇ ಬರೆಯುವುದು. ಹೊಸಬನ ಸ್ಪರ್ಧೆಯ ಮೊದಲ ಪಾಠ ಇಷ್ಟೇ. ಜಾಣತನದಲ್ಲಿ ನಿನ್ನನ್ನು ಮೀರಿಸುವವರು ನೂರು ಮಂದಿ ಸಿಗುತ್ತಾರೆ. ಹೇಳಿದ ಹೊತ್ತಿಗೆ ಬರುವುದರಲ್ಲಿ ಮೀರಿಸುವವರು ನಾಲ್ಕು ಮಂದಿ ಸಿಗೋದೂ ಕಷ್ಟ.

ನಮ್ಮ ಪಕ್ಕದ ಹರಿಹರವನ್ನೇ ನೋಡಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತು ಯಂತ್ರ ಮಾಡುತ್ತಿತ್ತು. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿತು. ಅಲ್ಲಿ ಕೈ ಪಳಗಿಸಿಕೊಂಡವರು ತಮ್ಮದೇ ಲೇತು ಹಾಕಿಕೊಂಡು ಅನ್ನ ತಿಂದದ್ದನ್ನು ಹರಿಹರದವರು ಬಲ್ಲರು. ಕಂಪನಿ ಮುಳುಗಬಹುದು, ಕೈಗೆ ಹತ್ತಿದ ಕಸುಬು ಮುಳುಗೋದಿಲ್ಲ.

ಹುಡುಗರಿಗೆ ನಾಲ್ಕು ಮಾತು

ಫೈಲು ಹಿಡಿದು ನಿಂತ ತಮ್ಮಂದಿರೇ, ತಂಗಿಯರೇ, ನಿಮಗೂ ಹೇಳುವುದಿದೆ. ಅಣ್ಣ ಹೇಳಿದ ಹಾಗೆ ತಿಳಿದುಕೊಳ್ಳಿ.

ಒಂದು: ಮೊದಲ ತಿಂಗಳಲ್ಲೇ ಒಂದು ಸಣ್ಣ ನೋಟುಪುಸ್ತಕ ಇಟ್ಟುಕೊಳ್ಳಿ. ದಿನಾ ರಾತ್ರಿ ಎರಡು ಸಾಲು ಬರೆಯಿರಿ. ಇವತ್ತು ಏನು ಕಲಿತೆ, ಇವತ್ತು ಏನು ತಪ್ಪಿದೆ. ಒಂದು ತಪ್ಪನ್ನು ಯಜಮಾನ ಕ್ಷಮಿಸುತ್ತಾನೆ. ಅದೇ ತಪ್ಪನ್ನು ಮೂರನೇ ಸಲ ಮಾಡಿದರೆ ದೇವರೂ ಕ್ಷಮಿಸೋದಿಲ್ಲ.

ಎರಡು: ತಪ್ಪಾದರೆ ನೀವೇ ಹೋಗಿ ಹೇಳಿ, ಬೇರೆಯವರು ಹೇಳುವ ಮೊದಲು. ಗಲ್ಲಾದಲ್ಲಿ ನೂರು ರೂಪಾಯಿ ಕಮ್ಮಿ ಬಂದರೆ ಜೇಬಿನಿಂದ ಹಾಕಿ ಮುಚ್ಚಬೇಡಿ, ಮುಚ್ಚಿಡಲೂ ಬೇಡಿ. ಹೇಳಿದ ದಿನ ಬೈಗುಳ ಸಿಗುತ್ತದೆ. ಹೇಳದೆ ಸಿಕ್ಕಿಬಿದ್ದ ದಿನ ಹೆಸರು ಹೋಗುತ್ತದೆ. ದಾವಣಗೆರೆ ದೊಡ್ಡ ಊರು ಅಂತ ಕಾಣುತ್ತದೆ, ವ್ಯಾಪಾರದ ಮಟ್ಟಿಗೆ ಅದು ಒಂದೇ ಓಣಿ. ಬೆಳಿಗ್ಗೆ ಮಂಡಿಪೇಟೆಯಲ್ಲಿ ಹೋದ ಹೆಸರು ಸಂಜೆಗೆ ಪಿ.ಬಿ. ರಸ್ತೆ ಮುಟ್ಟಿರುತ್ತದೆ.

ಮೂರು: ನಿಮ್ಮ ಮುಂದಿನ ಕೆಲಸದ ಹಿಂದಿನ ಕೆಲಸವನ್ನೂ ಮುಂದಿನ ಕೆಲಸವನ್ನೂ ನೋಡಿಕೊಳ್ಳಿ. ಬಿಲ್ಲು ಬರೆಯುವವನು ಸರಕು ಎಲ್ಲಿಂದ ಬರುತ್ತದೆ ಅಂತ ತಿಳಿಯಬೇಕು, ಉದ್ರಿ ಹೇಗೆ ವಸೂಲಾಗುತ್ತದೆ ಅಂತಲೂ ತಿಳಿಯಬೇಕು. ಇಂಗ್ಲಿಷಿಗೆ ಹೆದರಬೇಡಿ. ನಿಮ್ಮ ಅಂಗಡಿಗೆ ಬರುವ ಡಬ್ಬದ ಮೇಲಿನ ಅಕ್ಷರ, ಬಿಲ್ಲಿನ ಮೇಲಿನ ಅಕ್ಷರ, ಬ್ಯಾಂಕಿನ ಚಲನ್ನಿನ ಅಕ್ಷರ ಪೂರ್ತಿ ಅರ್ಥವಾದರೆ ನಿಮ್ಮ ಕಸುಬಿಗೆ ಬೇಕಾದ ಇಂಗ್ಲಿಷು ಅರ್ಧ ಬಂದ ಹಾಗೆ. ಉಳಿದರ್ಧ ಸಂಕೋಚ ಬಿಟ್ಟರೆ ಬರುತ್ತದೆ.

ನಾಲ್ಕು: ಬಿಡೋದಾದರೆ ಹೇಳಿ ಬಿಡಿ. ಒಂದು ತಿಂಗಳು ಮೊದಲೇ ಹೇಳಿ, ಹೊಸಬನಿಗೆ ಕೆಲಸ ತೋರಿಸಿಕೊಟ್ಟು, ಕೈ ಮುಗಿದು ಬಿಡಿ. ಹಬ್ಬದ ಮುನ್ನಾ ದಿನ ಫೋನ್ ಆಫ್ ಮಾಡಿಕೊಂಡ ಹುಡುಗ ತನ್ನ ಕೆಲಸ ಮಾತ್ರ ಕಳಕೊಳ್ಳಲಿಲ್ಲ. ಅವನ ಹಿಂದೆ ಬರುವ ಇಪ್ಪತ್ತು ಹುಡುಗರ ಬಾಗಿಲು ಹಾಕಿಸಿ ಹೋದ.

ಪರೀಕ್ಷೆ ಕಾಯುವವರ ಪಾಡು

“ಅಂಗಡಿ ಕೆಲಸ ಯಾಕೆ, ಸರ್ಕಾರಿ ನೌಕರಿಗೆ ಓದ್ಲಿ ಬಿಡ್ರಿ” ಅನ್ನುವ ತಂದೆತಾಯಿಗಳಿದ್ದಾರೆ. ತಪ್ಪು ಅನ್ನಲಾರೆ. ಧಾರವಾಡದ ಓದುವ ಕೋಣೆಗಳಲ್ಲಿ, ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳಲ್ಲಿ ನಮ್ಮ ಜಿಲ್ಲೆಯ ಮಕ್ಕಳೂ ಕೂತಿದ್ದಾರೆ. ಆದರೆ ಆ ದಾರಿ ಹೇಗಿದೆ ನೋಡಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆಯಾಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಓದಿ ಬರೆದವನು ಎರಡು ವರ್ಷಕ್ಕೂ ಮೇಲೆ ಕಾಯಬೇಕಾಯಿತು, ಅವನದೇನು ತಪ್ಪು? ಕೆಪಿಎಸ್‌ಸಿಯ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ 2024ರ ಆಗಸ್ಟಿನಲ್ಲಿ ಕನ್ನಡ ಅನುವಾದವೇ ತಪ್ಪು. ಡಿಸೆಂಬರಿನಲ್ಲಿ ಮರುಪರೀಕ್ಷೆ ಮಾಡಿದರು, ಅದರಲ್ಲೂ ಅನುವಾದದ ಬಗ್ಗೆ ದೂರು ಎದ್ದಿತು. ಕನ್ನಡದಲ್ಲಿ ಓದಿದ ಹುಡುಗನಿಗೆ ಕನ್ನಡ ನಾಡಿನ ಪರೀಕ್ಷೆಯಲ್ಲೇ ಪ್ರಶ್ನೆ ಅರ್ಥವಾಗಲಿಲ್ಲ!

ಓದೋದು ಬಿಡಿ ಅಂತ ಹೇಳುತ್ತಿಲ್ಲ. ಓದಿ. ಜೊತೆಗೆ ದಿನಕ್ಕೆ ನಾಲ್ಕು ಗಂಟೆ ಒಂದು ಕಸುಬಿಗೆ ಕೈ ಹಾಕಿ. ಮೂವತ್ತು ದಾಟಿದ ಮೇಲೆ ವಯೋಮಿತಿಯೂ ಮುಗಿಯುತ್ತ ಬಂದು, ಅನುಭವವೂ ಇಲ್ಲದೆ ಫೈಲು ಹಿಡಿದು ಬಂದವನ ಮುಖ ನೋಡುವ ಸಂಕಟ ನನಗೆ ಬಂದಿದೆ. ಅದು ಯಾವ ತಾಯಿಗೂ ಬೇಡ.

ನೀವೂ ಹೊಸಬರಾಗಿದ್ದಿರಿ

ಈಗ ಮತ್ತೆ ಅಂಗಡಿಯವರ ಕಡೆಗೆ. ಯಜಮಾನರೇ, ನೀವು ಯಾವತ್ತೂ ಹೊಸಬರಾಗಿರಲಿಲ್ಲವೇ? ಇಪ್ಪತ್ತು ವರ್ಷದ ಹಿಂದಿನ ಮಾತು ಬಿಡಿ, ಮೊನ್ನೆ ಮೊನ್ನೆಯದೇ ತೆಗೆದುಕೊಳ್ಳಿ. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ, ಆಮೇಲೆ ಕೊರೋನಾ ಕಾಲದಲ್ಲಿ, ಫೋನಿನಲ್ಲಿ ದುಡ್ಡು ತಗೊಳ್ಳೋದನ್ನು ನಿಮಗೆ ಕಲಿಸಿದವರು ಯಾರು? ನಿಮ್ಮ ಅಂಗಡಿಯ ಅತಿ ಚಿಕ್ಕ ಹುಡುಗ! ಕ್ಯೂಆರ್ ಚೀಟಿ ಅಂಟಿಸಿದವನು ಅವನು. ದುಡ್ಡು ಬಂತೋ ಇಲ್ಲವೋ ಅಂತ ನಿಮ್ಮ ಫೋನು ತೆಗೆದು ತೋರಿಸಿದವನೂ ಅವನು. ಆಗ ನೀವು “ನನಗೆ ಅನುಭವ ಇಲ್ಲಪ್ಪ” ಅಂದಿರಿ. ಅವನು “ಕಲ್ತು ಬನ್ನಿ” ಅನ್ನಲಿಲ್ಲ.

2025ರ ಜುಲೈನಲ್ಲಿ ಯುಪಿಐ ಜಮಾ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸು ಬಂದಾಗ ರಾಜ್ಯದ ಸಣ್ಣ ವ್ಯಾಪಾರಿಗಳು ಎಷ್ಟು ಕಂಗಾಲಾದರು ಅನ್ನೋದು ನೆನಪಿದೆಯಲ್ಲ? ಎಷ್ಟೋ ಕಡೆ ಕ್ಯೂಆರ್ ಚೀಟಿಯನ್ನೇ ಕಿತ್ತು ಹಾಕಿದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ, ಸೇವೆ ಕೊಡುವವರಿಗೆ 20 ಲಕ್ಷ. ತೆರಿಗೆ ವಿನಾಯಿತಿ ಇರುವ ಸರಕು ಯಾವುದು, ಇಲ್ಲದ್ದು ಯಾವುದು. ಇಷ್ಟನ್ನು ಬಿಡಿಸಿ ಲೆಕ್ಕ ಇಡುವ ಒಬ್ಬ ಬಿ.ಕಾಂ. ಹುಡುಗ ಅಂಗಡಿಯಲ್ಲಿದ್ದಿದ್ದರೆ ಆ ನೋಟಿಸಿಗೆ ಅಷ್ಟು ಬೆವರಬೇಕಿತ್ತೇ? ಅದೇ ಹುಡುಗ ನಿಮ್ಮ ಮೆಟ್ಟಿಲು ಹತ್ತಿ ಇಳಿದು ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದ, ಅನುಭವ ಇಲ್ಲ ಅಂತ.

ಕಾನೂನು ಏನು ಹೇಳುತ್ತದೆ?

ಧರ್ಮದ ಮಾತು ಸಾಕು, ಲೆಕ್ಕದ ಮಾತಿಗೆ ಬರೋಣ. ಅಪ್ರೆಂಟಿಸ್ ಕಾಯ್ದೆ 1961ರಷ್ಟು ಹಳೆಯದು. ಮೂವತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆ ತನ್ನ ಒಟ್ಟು ಆಳುಗಳಲ್ಲಿ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ ಇಪ್ಪತ್ತೊಂಬತ್ತು ಜನ ಇರುವ ಕಡೆ ಮನಸ್ಸಿದ್ದರೆ ತೆಗೆದುಕೊಳ್ಳಬಹುದು. ಅಂದರೆ ನಮ್ಮ ಮಂಡಿಪೇಟೆಯ ಎಷ್ಟೋ ಅಂಗಡಿಗಳಿಗೆ ಈ ಬಾಗಿಲು ತೆರೆದಿದೆ. 2019ರಲ್ಲಿ ಗೊತ್ತುಮಾಡಿದ ಕನಿಷ್ಠ ಶಿಷ್ಯವೇತನ ತಿಂಗಳಿಗೆ 5,000ದಿಂದ ಶುರುವಾಗಿ ಪದವೀಧರನಿಗೆ 9,000 ರೂಪಾಯಿ. ಇದನ್ನು ಹೆಚ್ಚಿಸಬೇಕು ಅಂತ 2025ರಲ್ಲಿ ಶಿಫಾರಸೂ ಆಗಿದೆ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಶಿಷ್ಯವೇತನದ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಭರಿಸುತ್ತದೆ. ನಾನು ಮಾತಾಡಿಸಿದ ಏಳೆಂಟು ಅಂಗಡಿಯವರಲ್ಲಿ ಈ ಸಂಗತಿ ಗೊತ್ತಿದ್ದವರು ಒಬ್ಬರೇ.

ರಾಜ್ಯ ಸರ್ಕಾರದ ಯುವನಿಧಿ ದುಡ್ಡು 2024ರ ಜನವರಿಯಲ್ಲಿ ಶಿವಮೊಗ್ಗದಿಂದ ಶುರುವಾಯಿತು. ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾ ಆದವನಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಬಸ್ ಚಾರ್ಜಿಗೆ, ಅರ್ಜಿ ಫೀಸಿಗೆ ಆಯಿತು, ಬೇಡ ಅನ್ನೋಣವೇ? ಆದರೆ ಆ ದುಡ್ಡು ಅನುಭವ ಕೊಡೋದಿಲ್ಲ. ಎರಡು ವರ್ಷ ಮುಗಿದ ಮಾರನೇ ದಿನವೂ ಅಂಗಡಿಯವರು ಕೇಳೋದು ಅದೇ ಪ್ರಶ್ನೆಯನ್ನೇ.

ಹೆಣ್ಣುಮಕ್ಕಳ ಮಾತೂ ಒಂದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಬಸ್ ಬಂದ ಮೇಲೆ ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯಿಂದ ಕೆಲಸ ಹುಡುಕಿ ಬರುವ ಹುಡುಗಿಯರಿಗೆ ಬಸ್ ಚಾರ್ಜಿನ ತಾಪತ್ರಯ ತಪ್ಪಿತು. ಆದರೆ ಅಂಗಡಿಯ ಬಾಗಿಲು ರಾತ್ರಿ ಒಂಬತ್ತೂವರೆಗೆ ಹಾಕಿದರೆ ಅವಳ ಊರಿನ ಕೊನೇ ಬಸ್ಸು ಹೋಗಿಬಿಟ್ಟಿರುತ್ತದೆ. “ಹುಡುಗೀರು ಕೆಲಸಕ್ಕೆ ನಿಲ್ಲೋದಿಲ್ರೀ” ಅನ್ನುವ ಮೊದಲು ಗಡಿಯಾರ ನೋಡಿ ಸ್ವಾಮಿ. ಅವಳನ್ನು ಏಳು ಗಂಟೆಗೆ ಬಿಟ್ಟರೆ ನಿಲ್ಲುತ್ತಾಳೋ ಇಲ್ಲವೋ ಆಮೇಲೆ ಹೇಳಿ.

ಮೂರೇ ಮೂರು ಬೇಡಿಕೆ

ಊರಿನ ವರ್ತಕರ ಸಂಘಗಳ ಪದಾಧಿಕಾರಿಗಳು ಇದನ್ನು ಓದುತ್ತಾರೆ ಅಂತ ನಂಬಿದ್ದೇನೆ. ಈ ಅಂಕಣದ ಬೇಡಿಕೆ ಮೂರೇ.

ಮೊದಲನೆಯದು, ಮೊದಲ ದಿನದಿಂದಲೇ ಸಂಬಳ. ಕಡಿಮೆ ಇರಲಿ, ಇರಲಿ. ಆರು ತಿಂಗಳು ಪುಕ್ಕಟೆ ಅನ್ನುವ ರೂಢಿ ನಿಲ್ಲಲಿ. ಪುಕ್ಕಟೆ ದುಡಿಯಲು ಶಕ್ತಿ ಇರೋದು ಉಳ್ಳವರ ಮಕ್ಕಳಿಗೆ ಮಾತ್ರ. ಇಲ್ಲದವನ ಮಗ ಎರಡನೇ ತಿಂಗಳಲ್ಲೇ ಗಾರೆ ಕೆಲಸಕ್ಕೆ ಹೋಗುತ್ತಾನೆ, ಅವನ ಬಿ.ಕಾಂ. ಫೈಲಿನಲ್ಲೇ ಉಳಿಯುತ್ತದೆ.

ಎರಡನೆಯದು, ಹೊಸಬನಿಗೆ ಅಂಗಡಿಯಲ್ಲಿ ಒಬ್ಬ ಗುರು. ಯಜಮಾನರಿಗೆ ಪುರಸೊತ್ತಿಲ್ಲದಿದ್ದರೆ ಹಳೆಯ ಗುಮಾಸ್ತರು ದಿನಕ್ಕೆ ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು ಖಿರ್ದಿ ತೋರಿಸಲಿ. ಟೀ ತರಲು ಕಳಿಸಿ, ಬೇಡ ಅನ್ನೋದಿಲ್ಲ. ಟೀ ಒಂದನ್ನೇ ಕಲಿಸಬೇಡಿ.

ಮೂರನೆಯದು, ವರ್ಷ ತುಂಬಿದ ದಿನ ಒಂದು ಕಾಗದ. ‘ಇಂಥವರು ನಮ್ಮಲ್ಲಿ ಇಂಥ ಕೆಲಸ ಇಷ್ಟು ತಿಂಗಳು ಮಾಡಿದ್ದಾರೆ’ ಅಂತ ನಾಲ್ಕು ಸಾಲು, ಕೆಳಗೆ ಅಂಗಡಿಯ ಮೊಹರು. ಕೆಲಸಕ್ಕೆ ಸೇರಿಸಿಕೊಂಡಾಗ ನೇಮಕದ ಪತ್ರ ಕೊಡಬೇಕು ಅನ್ನೋದು ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಇದೆ. ಕೊಡುವವರು ಎಷ್ಟು ಮಂದಿ ಅಂತ ಎದೆ ಮುಟ್ಟಿಕೊಂಡು ಹೇಳಿ. ಎರಡು ವರ್ಷ ದುಡಿದ ಹುಡುಗನೂ ಕಾಗದವಿಲ್ಲದ ಕಾರಣಕ್ಕೆ ಮುಂದಿನ ಅಂಗಡಿಯಲ್ಲಿ ಮತ್ತೆ ಹೊಸಬನಾಗಿಯೇ ನಿಲ್ಲುತ್ತಾನೆ.

“ಕಲಿಸಿದ ಮೇಲೆ ಬಿಟ್ಟು ಹೋದರೆ?” ಅಂತೀರಿ. ಹೋಗಲಿ ಬಿಡಿ. ನೀವು ಕಲಿಸಿದವನು ಎದುರಂಗಡಿಗೆ ಹೋದ, ಎದುರಂಗಡಿಯವರು ಕಲಿಸಿದವನು ನಿಮ್ಮಲ್ಲಿಗೆ ಬರುತ್ತಾನೆ. ಎಲ್ಲರೂ ಕಲಿಸಿದರೆ ಊರ ತುಂಬ ಅನುಭವಿಗಳು. ಯಾರೂ ಕಲಿಸದಿದ್ದರೆ ಎಲ್ಲರ ಬಾಗಿಲಲ್ಲೂ ಅದೇ ಬೋರ್ಡು, ಬೆಂಗಳೂರು ಬಸ್ಸಿನಲ್ಲಿ ಅದೇ ಹುಡುಗರು.

ಮಂಡಕ್ಕಿ ತಿಂದ ಹುಡುಗ ಆ ದಿನ ಸಂಜೆಯ ಬಸ್ಸಿಗೆ ಊರಿಗೆ ಹೊರಟ. ಈಗ ಸೀಟಿನಲ್ಲಿ ಕೂತಿದ್ದ. ಇಸ್ತ್ರಿ ಆಗಲೇ ಮುದುಡಿತ್ತು, ಇನ್ನು ನಿಲ್ಲುವ ಅಗತ್ಯವಿರಲಿಲ್ಲ. “ನಾಳೆ ಬರ್ತೀಯಾ?” ಅಂತ ಕಿಟಕಿಯಲ್ಲಿ ಕೇಳಿದೆ. “ಬರ್ತೀನಣ್ಣಾ. ಎಂಟನೇ ಅಂಗಡಿ ಬಾಕಿ ಐತಲ್ಲ” ಅಂದ.

ಈ ಪೇಪರನ್ನು ನೀವು ಬಸ್ಸಿನಲ್ಲಿ ಕೂತು ಓದುತ್ತಿದ್ದರೆ ಒಂದು ಸಲ ಪಕ್ಕಕ್ಕೆ ತಿರುಗಿ ನೋಡಿ. ಫೈಲು ಹಿಡಿದವನು ಅಲ್ಲೇ ಇರಬಹುದು. ಅಂಗಡಿಯಲ್ಲಿ ಕೂತು ಓದುತ್ತಿದ್ದರೆ, ನಾಳೆ ಬೆಳಿಗ್ಗೆ ಬಾಗಿಲು ತೆಗೆಯುವಾಗ ಆ ಬೋರ್ಡಿನ ಕೊನೆಯ ಮೂರು ಪದ ಅಳಿಸಿಬಿಡಿ. ಎಂಟನೇ ಅಂಗಡಿ ನಿಮ್ಮದಾಗಿರಲಿ.